ಬೆಲ್ಲ ಸಪ್ಪಗಾದ ದಿನ

ಕಂಪ್ಲಿ
ತಾ. ೧೯-೧-೧೯೩೬

ಸೌಭಾಗ್ಯವತಿ ಅಕ್ಕನಾಗಮ್ಮನಿಗೆ ಕೊಟ್ರಬಸಪ್ಪ ಮನಸಾರೆ ಹರಸಿ ಬರೆದದ್ದು.

ಸಂಡೂರಿನ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಸುವರ್ಣ ಹೊಟ್ಟೆತುಂಬ ಉಣ್ಣುತ್ತಿದ್ದಾಳೆಯೇ? ಕೂಸು ಅಜ್ಜನ ಹಾಗೆ ಸಿಡುಕ ಎಂದು ಬರೆದಿದ್ದೀ. ಇರಲಿ, ಮನೆತನದ ಗುಣ ಎಲ್ಲಿಗೆ ಹೋದೀತು? ಮಗಳ ಬಾಣಂತನ ತವರಿನಲ್ಲಿ ಆಗಲಿಲ್ಲವೆಂಬ ಕೊರಗು ಬಿಡು. ತುಂಬಿದ ಬಸುರಿಯನ್ನು ಬಂಡಿಯಲ್ಲಿ ಕುಲುಕಿಸಿಕೊಂಡು ತರುವುದಿತ್ತೇ?

ನೀನು ಗುಡ್ಡದಿಂದ ತರಿಸಿ ಕಳಿಸಿದ ಮಧುನಾಶಿನಿ ಎಲೆ ಬಂದು ಮುಟ್ಟಿತು. ಹೊರಡುವಾಗ ನೀನು ಬಚ್ಚಲ ಹಿಂದಿನ ಕಲ್ಲು ತೋರಿಸಿ, "ನೀವು ಕುಂತು ಎದ್ದಲ್ಲಿ ಇರುವಿ ಮುಕ್ಕರ್ತಾವು. ಅದು ನಿಲ್ಲಲಿಲ್ಲಂದ್ರ ಬಾಣಂತೀನ ಬಿಟ್ಟು ಬಂದೇ ಬಿಡ್ತೀನಿ ನೋಡ್ರಿ" ಎಂದದ್ದು ಮರೆತಿಲ್ಲ. ನಿನ್ನ ಕಣ್ಣಲ್ಲಿ ನೀರು ಇದ್ದದ್ದೂ ಮರೆತಿಲ್ಲ. ಸಿಹಿಮೂತ್ರದ ರೋಗ ನಿಮ್ಮಪ್ಪನನ್ನು ಹೇಗೆ ಸವೆಸಿತೆಂದು ನಾನೂ ಕಂಡವನೇ. ಅದಕ್ಕೇ ಅನ್ನ ಬಿಟ್ಟು ರೊಟ್ಟಿ ಹಿಡಿದಿದ್ದೇನೆ, ದಿನಾ ಎಲೆ ಜಗಿಯುತ್ತಿದ್ದೇನೆ. ಆದರೆ ಆ ಎಲೆ ನಾಲಿಗೆಗೆ ಏನು ಮಾಡುತ್ತದೆಂದು ನೀನು ಹೇಳಬಾರದಿತ್ತೇ? ಅದರಿಂದ ನಮ್ಮ ಕಬ್ಬಿನ ಗಾಣದಲ್ಲಿ ದೊಡ್ಡ ರಾಮಾಯಣವೇ ಆಗಿಹೋಯಿತು.

ಸಂಕ್ರಾಂತಿ ಮುಗಿದ ಮಾರನೆಯ ದಿನ ಈ ಸಲದ ಮೊದಲ ಕೊಪ್ಪರಿಗೆ ಇಳಿಸಿದೆವು. ಪದ್ಧತಿ ನಿನಗೆ ಗೊತ್ತಲ್ಲ, ಮೊದಲ ಬೆಲ್ಲ ಬಸವಣ್ಣನ ಮುಂದೆ, ಆಮೇಲೆ ನನ್ನ ನಾಲಿಗೆಯ ಮೇಲೆ. ಡಾಕ್ಟರು ಬೇಡವೆಂದಿದ್ದರೂ ಆ ಒಂದು ಚೂರು ಬಿಡುವುದು ಹೇಗೆ? ಎಲೆಯನ್ನು ಆಗಷ್ಟೇ ಜಗಿದು ಉಗಿದಿದ್ದೆ. ಬೆಲ್ಲ ಬಾಯಿಗಿಟ್ಟರೆ ಮಣ್ಣು! ಚೂರೂ ಸಿಹಿಯಿಲ್ಲ. ಹೊಸಪೇಟೆಯ ವ್ಯಾಪಾರಿಯ ಎದುರಿಗೇ ಪಾಲಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಅವನು ನಮ್ಮಪ್ಪನ ಕಾಲದಿಂದ ಪಾಕ ಕಾಯಿಸಿದವನು. "ಯಜಮಾನ್ರೆ, ಇನ್ನೊಂದ್ಸಲ ನೋಡ್ರಿ" ಎಂದ. ನೋಡಿದೆ, ಮತ್ತೆ ಮಣ್ಣೇ. "ನನ್ನ ಕೈ ಕೆಟ್ಟೈತಂದ್ರ ಬ್ಯಾರೆಯವರ್ನ ಹುಡುಕ್ರಿ" ಎಂದು ಟವೆಲ್ ಕೊಡವಿ ತನ್ನೂರು ಬುಕ್ಕಸಾಗರದ ದಾರಿ ಹಿಡಿದ. ವ್ಯಾಪಾರಿ ಮಾತ್ರ ಚೂರು ಬಾಯಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡಿದ. ನನಗೆ ಬುದ್ಧಿ ಕೆಟ್ಟಿದೆ ಎಂದುಕೊಂಡಿರಬೇಕು.

ಮಧ್ಯಾಹ್ನ ಕೋಪ ಇಳಿದ ಮೇಲೆ ಅದೇ ಬೆಲ್ಲವನ್ನು ನಾಲಿಗೆಗೆ ತಾಗಿಸಿದೆ. ಇಂಥ ಬೆಲ್ಲ ನಮ್ಮ ಗಾಣದಲ್ಲಿ ಎಂದೂ ಇಳಿದಿರಲಿಲ್ಲ. ಎಲೆಯ ನೆನಪಾಯಿತು. ಬಂಡಿ ಹೂಡಿಸಿ ಬುಕ್ಕಸಾಗರಕ್ಕೆ ಓಡಿದೆ. ಪಾಲಪ್ಪ ಮೊದಲು ಮುಖ ತಿರುಗಿಸಿದ. ನಾನು ವಾದಿಸದೆ ಅವನ ಕೈಗೂ ಒಂದು ಎಲೆ, ಒಂದು ತುಂಡು ಬೆಲ್ಲ ಕೊಟ್ಟೆ. ಎಲೆ ಜಗಿದು ಬೆಲ್ಲ ಕಚ್ಚಿದವನೇ "ಥೂ! ಇದು ನಾ ಮಾಡಿದ್ದೇನ್ರಿ?" ಎಂದು ಉಗಿದ. ಇಬ್ಬರೂ ಅಂಗಳದಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅವನ ಹೆಂಡತಿ ಎಲ್ಲಮ್ಮ ಮಜ್ಜಿಗೆ ಕೊಟ್ಟು ಇಬ್ಬರನ್ನೂ ಒಂದೇ ಬಂಡಿಯಲ್ಲಿ ಕಳಿಸಿಕೊಟ್ಟಳು.

ಮೊನ್ನೆ ಹೊಸಪೇಟೆಗೆ ಹೋಗಿ ಡಾಕ್ಟರನ್ನೂ ಕೇಳಿದೆ. ಎಲೆಯ ಸತ್ವ ನಾಲಿಗೆಯ ಸಿಹಿಯನ್ನು ಸ್ವಲ್ಪ ಹೊತ್ತು ಅಳಿಸುವುದು ಖಂಡಿತವಂತೆ. ಒಳಗೆ ಇಳಿದು ರಕ್ತದ ಸಕ್ಕರೆಗೆ ಏನು ಮಾಡುತ್ತದೋ ತಮಗೂ ಪೂರ್ತಿ ಗೊತ್ತಿಲ್ಲ ಎಂದರು. ಗೊತ್ತಿಲ್ಲವೆನ್ನುವ ಡಾಕ್ಟರನ್ನು ಕಂಡು ನನಗೆ ನಂಬಿಕೆ ಹೆಚ್ಚಾಯಿತು. ಈಗ ಬೆಲ್ಲದ ರುಚಿ ನೋಡುವ ಕೆಲಸ ಪಾಲಪ್ಪನಿಗೇ ಒಪ್ಪಿಸಿದ್ದೇನೆ. ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳು ಏಕೆ ಹೇಳಲಿ? ಆದರೂ ಸುಖವಾಗಿದ್ದೇನೆ.

ಸುವರ್ಣನಿಗೂ ಕೂಸಿಗೂ ಆಶೀರ್ವಾದ. ಅಳಿಯಂದಿರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮನೆಯ ಸಿಡುಕ
ಕೊಟ್ರಬಸಪ್ಪ

ಟಪಾಲಿಗೆ ಹೊತ್ತಾಯಿತು, ಮುಖ್ಯವಾದದ್ದೇ ಉಳಿದಿತ್ತು. ಡಾಕ್ಟರು ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿದರು. ಹೋದ ಸಲ ಇಟ್ಟಿಗೆಯ ಬಣ್ಣ ಬಂದಿತ್ತು, ಈ ಸಲ ತಿಳಿಹಸಿರು, ಎಂದರೆ ಸಕ್ಕರೆ ಬಹಳ ಇಳಿದಿದೆಯಂತೆ. ಎಲೆಯೋ ರೊಟ್ಟಿಯೋ, ಎರಡನ್ನೂ ಬಿಡಬೇಡಿ ಎಂದರು. ನಿನಗೆ ಇರುವೆಯ ಸಾಕ್ಷಿಯೇ ಬೇಕಲ್ಲ? ಬಚ್ಚಲ ಹಿಂದಿನ ಕಲ್ಲನ್ನು ದಿನಾ ಮುಂಜಾನೆ ನೋಡುತ್ತಿದ್ದೇನೆ. ನನ್ನ ಮಾತು ನೀನು ನಂಬಲಾರೆಯೆಂದು ಇವತ್ತು ಪಾಲಪ್ಪನಿಂದಲೂ ನೋಡಿಸಿದೆ. ಬಗ್ಗಿ ನೋಡಿ, "ಒಂದೂ ಇಲ್ರಿ, ಅಮ್ಮಾರಿಗೆ ಬರೀರಿ" ಎಂದ. ಮಗಳನ್ನು ಬಿಟ್ಟು ಬರಬೇಡ. ಎಲೆ ಮುಗಿಯುತ್ತ ಬಂದಿದೆ, ಅದನ್ನು ಮಾತ್ರ ಜಲ್ದಿ ಕಳಿಸು.