ನೀಲಿ ಹೂವಿನ ಕಳೆ

ಟೋರ್ಡಾಲ್ ಕಣಿವೆ, ವಿಸ್ಕಾನ್ಸಿನ್
ಸೆಪ್ಟೆಂಬರ್ ೨೨, ಭಾನುವಾರ

ಪ್ರೀತಿಯ ಮಾರೆನ್,

ನಾನು ಚೆನ್ನಾಗಿದ್ದೇನೆ. ನಿನ್ನ ಮಾವನೂ ಗಟ್ಟಿಮುಟ್ಟಾಗಿದ್ದಾನೆ. ಮಳೆ ಬರುವ ಮುಂಚೆ ಅವನ ಮಂಡಿ ಗೊಣಗುತ್ತದೆ, ಮಂಡಿ ಸುಮ್ಮನಾದರೆ ಅವನು ಗೊಣಗುತ್ತಾನೆ, ಅಷ್ಟೇ. ನೀನು ಜೂನ್‌ನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನಲ್ಲ, ನನಗೆ ನಾಚಿಕೆಯಾಗಬೇಕು. ಆಗಿದೆ ಕೂಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನ್ ಹಿಡಿದರೆ ನನ್ನ ಬಾಯಿಂದ ಮಳೆ ಬಿಸಿಲು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ಕೋಪ ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಒಂದೇ ಮಾತು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಶನಿವಾರಕ್ಕೆ ಎಂದಿನಂತೆ ಬರಲೇ, ಬಂದರೆ ನೋಲನ್‌ನನ್ನೂ ಕರೆದುಕೊಂಡು ಬರಲೇ ಅಂತ. ಗ್ಯಾರೆಟ್ ಹೋಗಿ ಎರಡು ವರ್ಷ ತುಂಬುವ ಮುಂಚೆ ಸೊಸೆ ಇನ್ನೊಬ್ಬನ ಜೊತೆ ಓಡಾಡುತ್ತಾಳೆ ಅಂತ ನಾನು ಮುಖ ಊದಿಸಿಕೊಂಡಿದ್ದೇನೆ ಅಂದುಕೊಂಡಿದ್ದರೆ ಆ ಯೋಚನೆ ಬಿಡು. ಓದಿದಾಗ ಅಳು ಬಂತು, ಇಲ್ಲವೆನ್ನುವುದಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಸದ್ಯ, ನಮ್ಮ ಹುಡುಗಿ ಒಬ್ಬಳೇ ಕೂತು ಊಟ ಮಾಡುತ್ತಿಲ್ಲವಲ್ಲ ಅಂತ ಸಮಾಧಾನಪಟ್ಟುಕೊಂಡೆ. ಆದರೆ ಉತ್ತರ ನನ್ನೊಬ್ಬಳದಲ್ಲವಲ್ಲ. ನಿನ್ನ ಮಾವ ಕಾಗದ ಓದಿ ಉಪ್ಪಿನ ಡಬ್ಬಿಯ ಕೆಳಗಿಟ್ಟ, ಟೋಪಿ ಹಾಕಿಕೊಂಡ, ಹೊರಗೆ ಹೋದ. "ಏನ್ ಬರೀಲಿ ವರ್ಲಿನ್?" ಅಂತ ಕೇಳಿದ್ದಕ್ಕೆ "ಇನ್ನೂ ನವೆಂಬರ್ ಬಂದಿಲ್ವಲ್ಲ" ಅಂದ. ಬೇಸಿಗೆಯೆಲ್ಲ ಅದೊಂದೇ ಉತ್ತರ.

ನೀನು ಮೇ ತಿಂಗಳಲ್ಲಿ ಬಂದು ಹೋದಾಗಿನಿಂದಲೇ ಅವನು ಹೀಗೆ ಮಾತು ಕಮ್ಮಿ ಮಾಡಿದ್ದ. ಅವತ್ತು ನಾನು ಚರ್ಚಿನಿಂದ ಬರುವ ಹೊತ್ತಿಗೆ ನೀನು ಮುಂದಿನ ಕೋಣೆಯಲ್ಲಿ ಸೋಫಾದ ತುದಿಗೆ ಕೂತಿದ್ದೆ. ನಿನ್ನ ಉಳಿದ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು, ಕಾಫಿ ಕೂಡ ಕುಡಿಯದೆ ಹೊರಟೆ. ಮ್ಯಾಡಿಸನ್ ದೂರ, ಹುಡುಗಿಗೆ ಕತ್ತಲಾಗುವ ಮುಂಚೆ ಮನೆ ಸೇರುವ ಅವಸರ ಅಂದುಕೊಂಡೆ.

ಇರಲಿ. ಈಗ ಮನೆ ಹಿಂದಿನ ಗುಡ್ಡದ ಸುದ್ದಿ ಹೇಳುತ್ತೇನೆ, ಯಾಕೆಂದರೆ ನಿನ್ನ ಪ್ರಶ್ನೆಗೆ ಉತ್ತರ ಬಂದದ್ದೇ ಅಲ್ಲಿಂದ. ಓಕ್ ಮರದ ಮೇಲೆ ಬೇಟೆಗೆ ಕೂರುವ ಅಟ್ಟಣಿಗೆಯ ಎದುರಿನ ತುಂಡು ಹೊಲದಲ್ಲಿ ಗ್ಯಾರೆಟ್ ಜಿಂಕೆಗಳ ಮೇವಿಗೆಂದು ಕ್ಲೋವರ್ ಬಿತ್ತಿದ್ದನಲ್ಲ, ಅವನ ಕೊನೆಯ ವಸಂತದಲ್ಲಿ? ಅವನು ಹೋದ ಮೇಲೆ ಮೊದಲ ಬೇಸಿಗೆ ನಾವಿಬ್ಬರೂ ಆ ಕಡೆ ಕಾಲಿಡಲಿಲ್ಲ. ಈ ಜೂನ್‌ನಲ್ಲಿ ಧೈರ್ಯ ಮಾಡಿ ಹತ್ತಿ ನೋಡುತ್ತೇನೆ, ಅಯ್ಯೋ ದೇವರೇ! ಸೊಂಟದೆತ್ತರಕ್ಕೆ ಮುಳ್ಳುಗಿಡ, ಸಂದಿಯಲ್ಲೆಲ್ಲ ಹುಲ್ಲು. ಬಗ್ಗಿ ಕೈಯಿಂದ ಸರಿಸಿದರೆ ಅಡಿಯಲ್ಲಿ ಕ್ಲೋವರ್ ಬಿಸಿಲು ಕಾಣದೆ ಬಿಳಚಿಕೊಂಡಿತ್ತು. ನನ್ನ ಮಗ ತನ್ನ ಕೈಯಾರೆ ನೆಲಕ್ಕೆ ಹಾಕಿದ್ದರಲ್ಲಿ ಇನ್ನೂ ಉಸಿರಾಡುತ್ತಿರುವುದು ಇದೊಂದೇ, ಮಾರೆನ್. ಇದೂ ಹೋದರೆ ಅವನು ಇನ್ನೊಂದು ಸಲ ಹೋದಂತೆ ಅನ್ನಿಸಿತು ನನಗೆ.

ಪಕ್ಕದ ಹೊಲದ ರೋಲಿ ಹಿಂದಿನ ಬಾಗಿಲಿಂದ, ಎಂದಿನಂತೆ ಬೂಟು ಕೂಡ ಬಿಚ್ಚದೆ, ಅಡುಗೆಮನೆಗೆ ನುಗ್ಗಿದ. "ಆರ್ಡಿಸ್, ನಿಮ್ಮ ಗುಡ್ಡದ ಮುಳ್ಳು ಬೀಜ ಹಾರಿಸಿದ್ರೆ ನನ್ನ ಹೊಲಾನೂ ಹಾಳಾಗುತ್ತೆ. ನಾನು ಒಂದ್ಸಲ ಮಶೀನ್ ಓಡಿಸ್ಬಿಡ್ತೀನಿ. ಬ್ಲೇಡು ಮೇಲಿಟ್ಟು ಕಳೆ ತಲೆ ಮಾತ್ರ ಹಾರಿಸೋದು. ಕ್ಲೋವರಿಗೆ ಬಿಸಿಲು ಬಿದ್ರೆ ಅದೇ ಎದ್ದು ಬರುತ್ತೆ" ಅಂದ.

"ಜೂನ್ ತಿಂಗಳು ಕಣೋ" ಅಂದ ನಿನ್ನ ಮಾವ, ತಟ್ಟೆಯಿಂದ ತಲೆ ಎತ್ತದೆ. "ಜಿಂಕೆಗಳು ಮರಿ ಹಾಕಿರ್ತವೆ. ಮರಿ ಅಲ್ಲೇ ಮುದುರಿಕೊಂಡು ಮಲಗಿರುತ್ತೆ, ಮಶೀನ್ ಮೈಮೇಲೆ ಬಂದ್ರೂ ಏಳಲ್ಲ."

ಅದು ನಿಜವೇ, ಯಾರೂ ಎದುರಾಡುವಂತಿಲ್ಲ. ಜುಲೈ ಮುಗಿಯಿತು. ರೋಲಿ ಮತ್ತೆ ಬಂದ. "ಮರಿ ಇದಾವೆ" ಅಂದ ಮುದುಕ. "ಆ ಮರಿಗಳು ಈಗ ನಿನಗಿಂತ ಜೋರಾಗಿ ಓಡ್ತವಲ್ಲೋ!" ಅಂತ ರೋಲಿ ಹಣೆ ಬಡಿದುಕೊಂಡು ನನ್ನ ಕೇಕು ತಿಂದು ಹೋದ.

ಅದೇ ವಾರ ಪೇಟೆಯ ಔಷಧಿ ಅಂಗಡಿಯಿಂದ ಒಬ್ಬ ಬಂದಿದ್ದ. ಕ್ಲೋವರನ್ನು ಮುಟ್ಟದೆ ಹುಲ್ಲನ್ನು ಮಾತ್ರ ಕೊಲ್ಲುವ ಔಷಧಿ ಇದೆಯಂತೆ. ಪಾಪ, ಆಸಾಮಿ ಮುಂದಿನ ಬಾಗಿಲಿಗೆ ಬಂದು ಗಂಟೆ ಒತ್ತಿದ. ಅಲ್ಲಿಗೇ ಅವನ ವ್ಯಾಪಾರ ಮುಗಿಯಿತು ಅನ್ನು. ನಮ್ಮ ಮುಂದಿನ ಬಾಗಿಲಿಗೆ ಬರುವುದು ಪಾದ್ರಿಗಳು ಮತ್ತು ಏನಾದರೂ ಮಾರುವವರು. ಆ ಜನವರಿಯಲ್ಲಿ, ರಸ್ತೆಯ ಮಂಜಿನಲ್ಲಿ ಗ್ಯಾರೆಟ್‌ನ ಗಾಡಿ ಜಾರಿದ ಸುದ್ದಿ ಹಿಡಿದುಕೊಂಡು ಪೊಲೀಸಿನವನು ಬಂದು ನಿಂತದ್ದೂ ಅಲ್ಲಿಯೇ. ಆ ಗಂಟೆ ಕೇಳಿದರೆ ನಿನ್ನ ಮಾವನ ಮುಖ ಈಗಲೂ ಬಿಳಚಿಕೊಳ್ಳುತ್ತದೆ. "ನಮ್ಮನೇಲಿ ಕೊಲ್ಲೋಕೆ ಏನೂ ಇಲ್ಲಪ್ಪ" ಅಂತ ಬಾಗಿಲು ಹಾಕಿಬಿಟ್ಟ.

ಆಗ ನನಗೆ ಅರ್ಥವಾಯಿತು. ಮರಿಯೂ ಅಲ್ಲ, ಮಣ್ಣೂ ಅಲ್ಲ. ಮಗ ಬಿತ್ತಿದ ಹಸಿರಿನ ಮೇಲೆ ಬ್ಲೇಡು ಓಡುವುದನ್ನು ಅವನಿಗೆ ನೋಡಲಾಗುವುದಿಲ್ಲ. ಸರಿ, ಮಶೀನು ಬೇಡ, ಔಷಧಿ ಬೇಡ, ನನಗೆ ದೇವರು ಎರಡು ಕೈ ಕೊಟ್ಟಿದ್ದಾನಲ್ಲ ಅಂದುಕೊಂಡೆ. ಆಗಸ್ಟ್‌ನಲ್ಲಿ ಮುದುಕ ಬೆಳಗಿನ ಹರಟೆಗೆಂದು ಪೇಟೆಗೆ ಹೋದಾಗಲೆಲ್ಲ ದಪ್ಪ ಕೈಗವಸು ಹಾಕಿಕೊಂಡು ಗುಡ್ಡ ಹತ್ತಿದೆ. ಮುಳ್ಳುಗಿಡ ಕೀಳುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಆ ನೀಲಿ ಹೂವಿನದು: ಒಣಕಡ್ಡಿಯಂಥ ಉದ್ದ ಕಾಂಡ, ಎಲೆ ಇದ್ದೂ ಇಲ್ಲದ ಹಾಗೆ. ನಮ್ಮ ರಸ್ತೆ ಬದಿಯ ಚರಂಡಿಯಲ್ಲೆಲ್ಲ ಬೆಳೆಯುತ್ತದಲ್ಲ, ಅದೇ. ಇದೂ ಬಂದು ಸೇರಿಕೊಂಡಿತಾ ಇಲ್ಲಿಗೆ ಅಂತ ಸಿಟ್ಟು ನೆತ್ತಿಗೇರಿತು. ಒಂದನ್ನೂ ಬಿಡದೆ ಎಳೆದು ರಾಶಿ ಹಾಕಿದೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆ.

ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ನಿನ್ನ ಮಾವ.

"ಏನ್ ಮಾಡಿದೆ ಆರ್ಡಿಸ್?"

"ಕಣ್ ಕಾಣಲ್ವಾ? ಕಳೆ ಕಿತ್ತೆ. ನೀನಂತೂ ಮಾಡಲ್ಲ, ಮಾಡೋರಿಗೂ ಬಿಡಲ್ಲ."

ಅವನು ರಾಶಿಯಿಂದ ಒಂದು ಕಾಂಡ ಎತ್ತಿಕೊಂಡ. ಬೆರಳಲ್ಲಿ ಆ ನೀಲಿ ಹೂವು ತಿರುಗಿಸಿ ನೋಡಿದ. "ಇದು ಕಳೆ ಅಲ್ಲ ಕಣೇ" ಅಂದ. "ಚಿಕೋರಿ. ಗ್ಯಾರಿ ಬಿತ್ತಿದ್ದು."

ಮಣ್ಣು ಮಾಡಿ ಬಂದ ದಿನದಿಂದ ಮಗನ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ, ಮಾರೆನ್. 'ಅವನು' ಅಂತಲೂ ಅಂದಿರಲಿಲ್ಲ. ನಾನು, "ಚರಂಡೀಲಿ ಬೆಳೆಯೋದನ್ನ ಯಾರಾದ್ರೂ ಬಿತ್ತುತ್ತಾರಾ?" ಅಂದುಬಿಟ್ಟೆ.

"ನಾನೂ ಅದನ್ನೇ ಕೇಳ್ದೆ ಅವನನ್ನ. ಆಗಸ್ಟ್ ಬಿಸಿಲಿಗೆ ಕ್ಲೋವರ್ ಸೋತು ಮಲಗುತ್ತಪ್ಪಾ, ಇದರ ಬೇರು ಆಳಕ್ಕೆ ಹೋಗಿರುತ್ತೆ, ಇದು ಮಲಗಲ್ಲ, ಆಗ ಜಿಂಕೆಗೆ ಇದೇ ಗತಿ ಅಂದ. ಇದರ ಬೇರನ್ನೇ ಹುರಿದು ಕಾಫಿಗೆ ಬೆರೆಸ್ತಾರೆ ಅಂತಾನೂ ಹೇಳ್ದ. ಜಿಂಕೆಗೆ ಕಾಫಿ ಬೇರೆ ಕುಡಿಸ್ತೀಯೇನೋ, ಜೊತೆಗೆ ಬಿಸ್ಕತ್ತೂ ಇಡು ಅಂತ ನಾನು..."

ನಗಲು ಹೋದ. ನಗು ಅರ್ಧಕ್ಕೇ ಅಳುವಾಯಿತು. ನಾನು ಅಲ್ಲೇ ಕೂತುಬಿಟ್ಟೆ. ಕೂತದ್ದು ಮುಳ್ಳಿನ ರಾಶಿಯ ಮೇಲೆ ಅಂತ ಗೊತ್ತಾಗಿದ್ದು ಆಮೇಲೆ. ನನ್ನ ಮಗನ ಗಿಡಗಳನ್ನು ನಾನೇ ಕಿತ್ತು ಹಾಕಿದ್ದೆ, ಅದೂ ಉಳಿಸುತ್ತೇನೆ ಅಂತ ಹೊರಟು. ಒಂದೊಂದನ್ನೇ ಎತ್ತಿ ಮತ್ತೆ ಮಣ್ಣಿಗೆ ಸಿಕ್ಕಿಸತೊಡಗಿದೆ, ಹುಚ್ಚಿಯ ಹಾಗೆ. "ಬಿಡೇ, ಅದು ಹತ್ತಲ್ಲ" ಅಂತ ಅವನು ನನ್ನ ತೋಳು ಹಿಡಿದು ಎಬ್ಬಿಸಿದ. ಆಮೇಲೆ ಇಬ್ಬರೂ ಅಟ್ಟಣಿಗೆಯ ಏಣಿಯ ಬುಡದಲ್ಲಿ ಕೂತೆವು. ಅವನು ನನ್ನ ಲಂಗದ ಮುಳ್ಳು ಕೀಳುತ್ತ, ನಾನು ಅಳುತ್ತ, ಗ್ಯಾರೆಟ್‌ನ ಮಾತೇ ಆಡಿದೆವು. ನಿನಗೆ ಬಂದೂಕು ಹಿಡಿಯಲು ಕಲಿಸಿದ್ದು ತಾನು, ಆದರೆ ಗ್ಯಾರೆಟ್ ಊರಿಗೆಲ್ಲ ತಾನೇ ಕಲಿಸಿದೆ ಅಂತ ಹೇಳಿಕೊಂಡು ತಿರುಗಿದ ಅನ್ನುವುದು ಇನ್ನೂ ನಿನ್ನ ಮಾವನ ದೂರು.

ಮಾರನೆಯ ಬೆಳಗ್ಗೆ ನಾನು ರೊಟ್ಟಿ ಸುಡುವಾಗ ಗುಡ್ಡದ ಕಡೆ ಟ್ರ್ಯಾಕ್ಟರ್ ಸದ್ದು. ಏದುಸಿರು ಬಿಡುತ್ತ ಹತ್ತಿ ಹೋದೆ. ಮುದುಕ ಮೊದಲು ಹೊಲವನ್ನೆಲ್ಲ ಕೋಲು ಹಿಡಿದು ನಡೆದು ನೋಡಿದ, ಎಲ್ಲಾದರೂ ತಡವಾಗಿ ಹುಟ್ಟಿದ ಮರಿ ಮಲಗಿದ್ದೀತು ಅಂತ. ಆಮೇಲೆ ಬ್ಲೇಡು ಎತ್ತರಕ್ಕಿಟ್ಟು ತಾನೇ ಓಡಿಸಿದ. ನನ್ನ ಕೈಗೆ ಸಿಗದೆ ಉಳಿದ ಮುಳ್ಳಿನ ತಲೆಗಳು, ಹುಲ್ಲಿನ ತೆನೆಗಳು ಎಲ್ಲ ಉರುಳಿದವು. "ನಿನ್ನ ಕೈಗೆ ಬಿಟ್ರೆ ಕ್ಲೋವರನ್ನೂ ಕಿತ್ತು ಹಾಕ್ತೀಯ" ಅಂತ ಮೇಲಿನಿಂದ ಕೂಗಿದ. ಕಣ್ಣು ಕೆಂಪಾಗಿತ್ತು.

ಈ ತಿಂಗಳು ಒಳ್ಳೆ ಮಳೆಯಾಯಿತು. ನಿನ್ನೆ ಮಧ್ಯಾಹ್ನ ಅವನು ಗುಡ್ಡದಿಂದ ಬಂದು, "ಬಾ ಇಲ್ಲಿ, ಏನೂ ಕೇಳ್ಬೇಡ, ಬಾ" ಅಂತ ಕರೆದುಕೊಂಡು ಹೋದ. ಕ್ಲೋವರ್ ದಟ್ಟವಾಗಿ ಎದ್ದಿದೆ, ನೆಲ ಕಾಣುವುದಿಲ್ಲ. "ಹಾಗಲ್ಲ, ಬಗ್ಗಿ ನೋಡು" ಅಂದ. ನಡುನಡುವೆ, ನಾನು ಎಳೆದ ಜಾಗದಲ್ಲೆಲ್ಲ, ಉದ್ದ ಎಲೆಯ ಸಣ್ಣ ಸಣ್ಣ ಗೊಂಚಲು! "ನಿನಗೆ ಕಳೆ ಕೀಳೋಕೂ ಸರಿಯಾಗಿ ಬರಲ್ಲ ಆರ್ಡಿಸ್" ಅಂದ. "ಮೇಲೆ ಮುರಿದಿದ್ದೆ ಅಷ್ಟೇ. ಬೇರು ಒಳಗೇ ಇತ್ತು." ಮದುವೆಯಾದಾಗಿನಿಂದ ಅವನು ನನ್ನನ್ನು ಬೈದ ಬೈಗುಳದಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ.

ಇಳಿದು ಬರುವಾಗ ತಾನಾಗಿಯೇ ಕೇಳಿದ. "ಆ ಹುಡುಗ ಏನ್ ಮಾಡ್ತಾನೆ ಅಂದೆ?"

"ಶಾಲೇಲಿ ಮಕ್ಕಳಿಗೆ ಬ್ಯಾಂಡು ಕಲಿಸ್ತಾನಂತೆ."

"ಬಂದೂಕು?"

"ಮುಟ್ಟಿಲ್ವಂತೆ. ಮಾಂಸಾನೂ ತಿನ್ನಲ್ಲ ಅಂತ ಬರೆದಿದ್ದಾಳೆ."

ನಿಂತೇಬಿಟ್ಟ. ಆಮೇಲೆ, "ಹಾಗಾದ್ರೆ ಜಿಂಕೆಗಳ ಜೊತೆ ಬಿಡೋಣ, ಕ್ಲೋವರ್ ಮೇಯ್ಲಿ" ಅಂದು ನಡೆದ. ನಾಲ್ಕು ಹೆಜ್ಜೆ ಹೋಗಿ ತಿರುಗದೆ, "ಬರಲಿ ಅಂತ ಬರಿ. ಇಬ್ರೂ" ಅಂದ.

ಇದೇ ಉತ್ತರ, ಮಗಳೇ. ಬನ್ನಿ. ಅಟ್ಟಣಿಗೆಯ ಏಣಿಗೆ ಹೊಸ ಮೆಟ್ಟಿಲು ಹೊಡೆದಾಗಿದೆ, ಅಲ್ಲಿ ನೀನೇ ಕೂರಬೇಕು. ನೋಲನ್ ನನ್ನ ಜೊತೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯಲಿ, ಅದರಿಂದ ಮಾಡುವ ಲೆಫ್ಸೆ ರೊಟ್ಟಿಯನ್ನಾದರೂ ತಿನ್ನುತ್ತಾನಲ್ಲ? ಯಾರೂ ಜಿಂಕೆ ಅಂದುಕೊಂಡು ಗುಂಡು ಹಾರಿಸದ ಹಾಗೆ, ಅಂಗಳದಲ್ಲಿ ಓಡಾಡಲು ಅವನಿಗೂ ಬೇಟೆಯ ಕಿತ್ತಳೆ ಜಾಕೆಟ್ ಬೇಕಾಗುತ್ತದೆ. ಗ್ಯಾರೆಟ್‌ನದು ಗೂಟದ ಮೇಲೇ ಇದೆ, ಆದರೆ ನಿನ್ನ ಮಾವ, "ಅದು ಬೇಡ. ಪಾಪ, ಅವನಿಗೂ ಭಾರ, ನಮಗೂ ಭಾರ. ಹೊಸದು ತರ್ತೀನಿ" ಅಂದಿದ್ದಾನೆ. ಅಳತೆ ಬರೆದು ಕಳಿಸು.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಜೊತೆ ಊಟಕ್ಕೆ ಕೂರುವವನೂ ಸುಖವಾಗಿರಲಿ. ದಾರಿಯಲ್ಲಿ ಮಂಜಿದ್ದರೆ ನಿಧಾನ ಬನ್ನಿ. ಬೇಟೆ ತಪ್ಪಿದರೆ ತಪ್ಪಲಿ.

ನಿನ್ನ ಅಮ್ಮ,
ಆರ್ಡಿಸ್

ಇನ್ನೊಂದು ಮಾತು ಉಳಿದಿದೆ. ಮರೆತದ್ದು ಅಂತ ಸುಳ್ಳು ಹೇಳುವುದಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನ ಮಾವ ಬೇಸಿಗೆಯೆಲ್ಲ ಬಾಯಿ ಕಟ್ಟಿಕೊಂಡಿದ್ದು ನೋಲನ್ ಕಾರಣಕ್ಕಲ್ಲ. ನಾನೂ ಹಾಗೇ ತಿಳಿದಿದ್ದೆ. ನಿನ್ನೆ ಬೂಟು ಬಿಚ್ಚುತ್ತ ಹೇಳಿದ: "ಮೇ ತಿಂಗಳಲ್ಲಿ ಅವಳು ಮುಂದಿನ ಬಾಗಿಲಿಗೆ ಬಂದು ಗಂಟೆ ಒತ್ತಿದಳು ಆರ್ಡಿಸ್. ಮದುವೆಗೆ ಮುಂಚೇನೇ ಹಿಂದಿನ ಬಾಗಿಲಿಂದ ಬಂದು ನೇರ ಫ್ರಿಜ್ಜು ತೆಗೀತಿದ್ದ ಹುಡುಗಿ. ಒಳಗೆ ಬರಬಹುದಾ ಅಂತ ಕೇಳಿದಳು ನನ್ನನ್ನ. ಮಗ ಹೋದ ಅಂತ ಹೇಳೋಕೂ ಅಲ್ಲಿಗೇ ಬಂದ್ರು. ಇವಳೂ ಹೋದಳು ಅಂದ್ಕೊಂಡೆ."

ಇವತ್ತು ಬೆಳಗ್ಗೆಯಿಂದ ಮುದುಕ ಚಳಿಗಾಲದ ಸೌದೆಯನ್ನೆಲ್ಲ ತಂದು ಮುಂದಿನ ಬಾಗಿಲಿಗೆ ಅಡ್ಡ ಪೇರಿಸುತ್ತಿದ್ದಾನೆ. ಗಂಟೆ ಆಗಲೇ ಮುಚ್ಚಿಹೋಯಿತು. "ಪಾದ್ರಿಗಳು ಬಂದ್ರೆ ಏನ್ ಮಾಡ್ತೀಯೋ?" ಅಂದರೆ "ಅವರೂ ಅಡುಗೆಮನೆಯಿಂದಲೇ ಬರಲಿ" ಅನ್ನುತ್ತಾನೆ. ಹಿಂದಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ತಟ್ಟಬೇಡ ಮಗಳೇ, ಹಾಗೇ ಒಳಗೆ ಬಾ.