ಚೆಂಡು ಹೂವಿನ ಸ್ವಿಚ್ಚು

ತುಂಗಭದ್ರೆಯ ಹರಿಗೋಲು ಪಡೆಯ ಮಹಾ ದಂಡನಾಯಕರೇ, ತೆಪ್ಪಗಳ ಒಡೆಯರೇ, ನೀರು ಕಂಡರೆ ದಡದಲ್ಲೇ ಕೈಮುಗಿಯುವ ಗಾದಿಗನೂರಿನ ಸಮಸ್ತ ಸಭಿಕರೇ, ಮತ್ತು ನಿಮ್ಮೆಲ್ಲರ ಪರವಾಗಿ ಕಟ್ಟೆಯ ಮೇಲೆ ಕೂತು ಈ ಕಾಗದ ಓದುತ್ತಿರುವ ಚಿರಂಜೀವಿ ಭವ್ಯಳೇ,

ನೌಕಾಪಡೆಯ ಹಡಗು ದುರಸ್ತಿ ಅಂಗಳದ ಸುರಕ್ಷತಾ ವಿಭಾಗದಲ್ಲಿರುವ ನಿನ್ನ ಸೋದರಮಾವ ತಿಳಿಸುವುದೇನೆಂದರೆ, ಸುರಕ್ಷತಾ ನೀತಿಯ ಕರಡು ಮುಗಿದಿದೆ. ಯಾವ ಕೆಲಸಕ್ಕೆ ಯಾರ ಪರವಾನಗಿ, ಯಾರ ಮೇಲೆ ಯಾವ ಹೊಣೆ, ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ಹೇಗೆ ವರದಿ ಮಾಡಬೇಕು, ಎಲ್ಲ ಇದೆ. ನನ್ನ ಘೋಷವಾಕ್ಯ ಮಾತ್ರ ಇಲ್ಲ. ‘ಹಗ್ಗ ನೋಡಿ ಹಿಡಿ, ಹೆಜ್ಜೆ ನೋಡಿ ಇಡಿ’ ಎಂದು ಬರೆದಿದ್ದೆ. ಇದು ಲಾರಿಯ ಹಿಂದೆ ಚೆನ್ನಾಗಿರುತ್ತದೆ, ಯುದ್ಧನೌಕೆಯ ಮೇಲಲ್ಲ ಎಂದರು ಕರಡು ನೋಡುವ ಸಮಿತಿಯವರು. ಸಂಡೂರಿನ ಅದಿರು ಲಾರಿಗಳಿಗೆ ಕಳಿಸೋಣ ಬಿಡು.

ಜಗಳ ಇರುವುದು ಒಂದೇ ಸಾಲಿನ ಮೇಲೆ. ‘ಅಪಾಯ ಕಂಡವರು ಯಾರೇ ಆಗಲಿ, ತಕ್ಷಣ ಕೆಲಸ ನಿಲ್ಲಿಸಬಹುದು’ ಎಂದು ನಾನು ಬರೆದೆ. ‘ಮೇಲಧಿಕಾರಿಯ ಅನುಮತಿ ಪಡೆದು’ ಎಂದು ಸಮಿತಿ ನಡುವೆ ತುರುಕಿತು. ಆಜ್ಞೆಯ ಮೇಲೆ ನಡೆಯುವ ಪಡೆ, ಅವರ ಅಳುಕೂ ನನಗೆ ಅರ್ಥವಾಗುತ್ತದೆ. ಆದರೆ ನೀನು ಇಲ್ಲಿ ತರಬೇತಿಗೆ ಸೇರಿದ ಹೊಸದರಲ್ಲೇ, ಮೊನ್ನೆಯ ಆಯುಧಪೂಜೆಯ ದಿನ, ಅನುಮತಿ ಕೇಳುತ್ತ ನಿಂತಿದ್ದರೆ?

ಕಂಪ್ಲಿಯ ಹುಲುಗೇಶ್ ದುರಸ್ತಿಗೆ ಬಂದ ಹಡಗಿನ ಡೆಕ್ಕಿನ ಕೆಳಗಿನ ಕೋಣೆಯಲ್ಲಿ, ಲಂಗರಿನ ಸರಪಳಿ ಎಳೆಯುವ ಹಲ್ಲುಗಾಲಿಗಳ ನಡುವೆ ಕೂತಿದ್ದ. ವಿಭೂತಿ ಹಚ್ಚುವ ಮುಂಚೆ ಅವುಗಳನ್ನು ಉಜ್ಜುವ ಕೆಲಸ ಅವನದು. ಮೇಲಿನ ಸ್ವಿಚ್ಚಿಗೆ ‘ಮುಟ್ಟಬೇಡಿ, ಕೆಳಗೆ ಆಳು ಇದ್ದಾನೆ’ ಎಂಬ ಕೆಂಪು ಚೀಟಿ ಕಟ್ಟಿಯೇ ಇಳಿದಿದ್ದ. ಅವನ ಜೊತೆಗಾರ ತಿಪ್ಪೇಶನಿಗೆ ಭಕ್ತಿ ಹೆಚ್ಚು. ಎಣ್ಣೆ ಮೆತ್ತಿದ ಚೀಟಿ ದೇವರ ಮುಂದೆ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಬಿಚ್ಚಿ, ಅಲ್ಲಿಗೆ ಚೆಂಡು ಹೂವಿನ ಹಾರ ಹಾಕಿದ. ಕಾಯಿ ಒಡೆದರು, ಮಂಗಳಾರತಿ ಆಯಿತು. ಪೂಜೆಯಾದ ಮೇಲೆ ಯಂತ್ರವನ್ನು ಒಂದು ಸುತ್ತು ಓಡಿಸುವುದು ರೂಢಿಯಲ್ಲವೇ? ಸಾಹೇಬರು ಶೂ ಬಿಚ್ಚಿ, ಭಕ್ತಿಯಿಂದ ಸ್ವಿಚ್ಚಿಗೆ ಕೈ ಚಾಚಿದರು.

‘ಬ್ಯಾಡ್ರೀ! ಹುಲುಗ್ಯಾ ಇನ್ನಾ ಕೆಳಗದಾನ್ರೀ!’ ಎಂದು ಚೀರಿ ನೀನು ಅವರ ಕೈ ಹಿಡಿದೆಳೆದೆ. ಆರತಿ ತಟ್ಟೆ ಉರುಳಿತು. ಸಾಹೇಬರ ಬಿಳಿ ಅಂಗಿಯೆಲ್ಲ ಕುಂಕುಮ. ಕೆಳಗಿನಿಂದ ಹುಲುಗೇಶ್, ‘ಯಾಕ್ಲೇ, ಮಂಗಳಾರತಿ ಮುಗೀತೇನ? ನನ್ ಪಾಲಿನ ಮಂಡಕ್ಕಿ ಇಟ್ಟೀರಿಲ್ಲ?’ ಎಂದು ಕೂಗಿದ.

ತಪ್ಪೊಪ್ಪಿಗೆ ಕೇಳಿದ್ದು ತಿಪ್ಪೇಶನನ್ನಲ್ಲ, ನಿನ್ನನ್ನು. ಶಿಸ್ತು ಮೀರಿದ್ದಕ್ಕೆ ಕ್ಷಮೆ ಬರೆದುಕೊಂಡು ಬಾ ಎಂದು ರಜೆಯ ಮೇಲೆ ಊರಿಗೆ ಕಳಿಸಿದರು. ನಿಮ್ಮವ್ವ ದುರ್ಗಕ್ಕ ನನಗೆ ಫೋನು ಮಾಡಿ ಬೈದಳು: ‘ಲೇ ಉಚ್ಚೆಂಗಿ, ಸಾಹೇಬ್ರ ಕೈ ಹಿಡದಾಳಂತ, ಮದಿವಿ ಆಗಾಕ ಹಿಡದಾಳೇನು? ಒಂದ್ ಕಾಗದ ಬರಸಿ ಮುಗಸಲೇ ಅತ್ಲಾಗ. ನೌಕರಿ ಉಳಿದ್ರ ಸಾಕು.’ ಅವಳ ಮಾತಿನಲ್ಲೂ ತಪ್ಪಿಲ್ಲ. ನೀನು ಬರೆದುಕೊಟ್ಟರೆ ನಿನ್ನ ಕೆಲಸ ಉಳಿಯುತ್ತದೆ. ಆದರೆ ಚೀರಿದ್ದೇ ತಪ್ಪೆಂದು ಕಾಗದದ ಮೇಲೆ ನಿಂತುಬಿಡುತ್ತದೆ. ಮುಂದೆ ಯಾರೂ ಚೀರುವುದಿಲ್ಲ.

ಉಂಡು ಮಲಗು, ಅವ್ವನ ಕೂಡ ವಾದಕ್ಕೆ ಇಳಿಯಬೇಡ. ನಿನ್ನ ದನಿ ಎಂದೂ ಸಣ್ಣದಾಗದಿರಲಿ ಎಂದು ಹರಸುವ,

ನಿನ್ನ ಮಾವ
ಉಚ್ಚೆಂಗೆಪ್ಪ

ತಮಾಷೆ ಸಾಕು, ಭವ್ಯ. ಸಮಿತಿಯವರು ಸೇರಿಸಿದ ಮೂರು ಪದ ತೆಗೆಯದ ಹೊರತು ಸಹಿ ಹಾಕುವುದಿಲ್ಲವೆಂದು, ನಿನ್ನ ಹೆಸರು ಹೇಳಿಯೇ, ಇವತ್ತು ಸಭೆಯಿಂದ ಎದ್ದು ಬಂದೆ. ನೀನು ಕ್ಷಮೆ ಬರೆದರೆ ಅಲ್ಲಿ ನಾನೊಬ್ಬನೇ. ಬರೀಬ್ಯಾಡ, ತಾಯೀ. ನನಗ ಭಾಳ ಅಂಜಿಕಿ ಆಗೇತಿ.