ಅಧ್ಯಕ್ಷರ ಮೇಜಿನ ಮೇಲೆ ಮಲಗಿದ್ದ ಮಗು

ಕಾಲೇಜಿನ ಮಾನ್ಯ ಅಧ್ಯಕ್ಷರೇ,

ವಿದ್ಯಾರ್ಥಿನಿಯರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಶಿಶುವಿಹಾರವನ್ನು ಈ ವಾರ ಮುಚ್ಚಿ, ಅದೇ ಕೋಣೆಗಳಲ್ಲಿ, ಅದೇ ಶಿಶುವಿಹಾರಕ್ಕಾಗಿ ನಡೆದ ಹೋರಾಟದ ಚಿತ್ರಶಾಲೆ ತೆರೆಯಲು ತಾವು ನಿರ್ಧರಿಸಿದ್ದೀರಿ. ಈ ವಾಕ್ಯವನ್ನು ಮತ್ತೆ ಮತ್ತೆ ಓದಿಕೊಂಡೆ. ನಿದ್ದೆಗೆಟ್ಟ ತಲೆ ಏನೋ ತಪ್ಪು ಬರೆದಿರಬೇಕು ಅನ್ನಿಸಿತು. ತಪ್ಪಿಲ್ಲ. ತಮ್ಮ ಪ್ರಕಟಣೆಯಲ್ಲೂ ಹೀಗೇ ಇದೆ, ಇನ್ನಷ್ಟು ಚಂದದ ಮಾತುಗಳಲ್ಲಿ.

ಉದ್ಘಾಟನೆಯಂದು ತಾವು ಪರದೆ ಸರಿಸಲಿರುವ ದೊಡ್ಡ ಫೋಟೋ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷದ ಹಿಂದಿನದು. ಅಂದಿನ ಅಧ್ಯಕ್ಷರ ಕೋಣೆ, ನೆಲದ ಮೇಲೆ ಕೂತ ಚಿಕಾನಾ, ಅಂದರೆ ಮೆಕ್ಸಿಕೋ ಮೂಲದ ಅಮೆರಿಕನ್ ವಿದ್ಯಾರ್ಥಿನಿಯರು, ನಡುವೆ ಭಾರಿ ಮರದ ಮೇಜು, ಮೇಜಿನ ಮೇಲೆ ಶಾಲು ಹೊದ್ದು ಮಲಗಿದ ಮಗು. ಆ ಮಗು ನಾನು. ಪಕ್ಕದಲ್ಲಿ ಕೈಯೂರಿ ನಿಂತವಳು ನನ್ನ ಅಮ್ಮ, ಒತಿಲಿಯಾ. ಮೂಲೆಯಲ್ಲಿ ಗಡ್ಡದ ಯುವಕನೊಬ್ಬನಿದ್ದಾನೆ. ಫೋಟೋದ ಕೆಳಗೆ ಹೆಸರಿರುವುದು ಅವನೊಬ್ಬನದೇ, ‘ನಾಯಕ’ ಎಂಬ ಬಿರುದಿನೊಂದಿಗೆ. ಉಳಿದವರೆಲ್ಲ ‘ಬೆಂಬಲಿಗರು’.

ಇದನ್ನು ಹೇಳಿದಾಗ ಅಮ್ಮ ಹಂಚಿನ ಮೇಲೆ ಟೋರ್ತಿಯಾ ರೊಟ್ಟಿ ಮಗುಚುತ್ತಲೇ ನಕ್ಕಳು.

“ಅವನಾ? ಕಾಫಿ ಆಯ್ತಾ ಅಂತ ಕೇಳೋಕೆ ಬಂದಿದ್ದ ಕಣೇ. ಚಳವಳಿ ಅಂದ್ರೆ ಗಂಡಸರು ಮೈಕು ಹಿಡಿಯೋದು, ನಾವು ತಮಾಲೆ ಕಡುಬು ಬೇಯ್ಸೋದು. ಶಿಶುವಿಹಾರ ಬೇಕು ಅಂದ್ರೆ, ‘ತಂಗಿ, ಮೊದ್ಲು ನಮ್ಮ ಜನಕ್ಕೆ ನ್ಯಾಯ ಸಿಗ್ಲಿ, ಡಯಾಪರ್ ವಿಷಯ ಆಮೇಲೆ’ ಅಂದ. ಆಮೇಲೆ ಅಂದ್ರೆ ಯಾವಾಗಪ್ಪಾ, ಮಗುಗೆ ಮೀಸೆ ಬಂದ್ಮೇಲಾ ಅಂದೆ. ನಾವೇ ಮಕ್ಕಳನ್ನ ಎತ್ಕೊಂಡು ಹೋಗಿ ಕೂತ್ವಿ.”

“ಪೊಲೀಸರು ಬರ್ಲಿಲ್ವಾ?”

“ಬಂದ್ರು. ನಮ್ಮನ್ನೇನೋ ಎಳ್ಕೊಂಡು ಹೋಗ್ಬೋದು, ಮಕ್ಕಳನ್ನ ಯಾರು ಎತ್ಕೋತಾರೆ? ಒಬ್ಬನ ಕೈಗೆ ನಿನ್ನ ಕೊಟ್ಟೇ ಬಿಟ್ಟೆ. ಬಾಂಬು ಹಿಡ್ಕೊಂಡೋನ ಥರ ನಿಂತಿದ್ದು, ಮೆಲ್ಲಗೆ ಮೇಜಿನ ಮೇಲೆ ಇಟ್ಟ. ನೀನು ಅಧ್ಯಕ್ಷರ ಕಾಗದಗಳ ಮೇಲೆಲ್ಲ ಉಚ್ಚೆ ಹೊಯ್ದೆ ನೋಡು! ಆ ವರ್ಷ ಅಷ್ಟು ಪರಿಣಾಮದ ಭಾಷಣ ಇನ್ಯಾರೂ ಮಾಡ್ಲಿಲ್ಲ.”

ಶಿಶುವಿಹಾರ ಬಂತು. ಅಮ್ಮನಿಗೆ ಅಮಾನತೂ ಬಂತು. ಅದು ಮುಗಿಯುವಷ್ಟರಲ್ಲಿ ಅವಳು ಶಾಲೆಯೊಂದರ ಅಡುಗೆಮನೆ ಸೇರಿದ್ದಳು. ಇವತ್ತಿಗೂ ಅಲ್ಲೇ ಇದ್ದಾಳೆ. ತಾನು ಗಳಿಸಿಕೊಟ್ಟ ತೊಟ್ಟಿಲಲ್ಲಿ ತನ್ನ ಮಗುವನ್ನು ಒಂದು ದಿನವೂ ಮಲಗಿಸಲಿಲ್ಲ. ಅಲ್ಲಿ ಮಲಗಿದ್ದು ಅವಳ ಮೊಮ್ಮಗಳು, ನನ್ನ ನಯೆಲಿ. ಮನೆಯ ತಲೆಯ ಮೇಲೇ ಹಾದುಹೋಗುವ ಹೆದ್ದಾರಿಯ ಹೊಗೆ ಕುಡಿದು ಗೊರಗೊರ ಉಸಿರಾಡುವ ಕೂಸು. ಅವಳ ಉಸಿರು ಎಣಿಸುತ್ತಾ ಕೂರುವವಳಿಗೆ ನಿದ್ದೆ ಎಲ್ಲಿಯದು? ಯಾವ ಗೊರಗೊರಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಗೊತ್ತಿರುವ ಕೈಗಳು ಈ ಊರಿನಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಜಾಗದಲ್ಲಿ. ಗಂಡ ಬಂದರಿನ ಲಾರಿ ಓಡಿಸುತ್ತಾನೆ. ತಮ್ಮ ಕಾಲೇಜಿನಲ್ಲಿ ನನ್ನ ಶಿಕ್ಷಕಿ ತರಬೇತಿಗೆ ಉಳಿದಿರುವುದು ಒಂದೇ ಅವಧಿ. ಅಮ್ಮ ಬಿಟ್ಟ ಮೆಟ್ಟಿಲಿನಲ್ಲೇ ನಾನೂ ಇಳಿದು ಹೋಗಬೇಕೆ?

ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂದು ತಾವು ವಿಷಾದದಿಂದ ತಿಳಿಸಿದ್ದೀರಿ. ಹೋದ ವರ್ಷವೇ ಹೊಸ ಮಕ್ಕಳನ್ನು ಸೇರಿಸಿಕೊಳ್ಳಬೇಡಿ ಎಂದು ಆದೇಶಿಸಿದವರು ಯಾರು ಸ್ವಾಮಿ? ಬಾಗಿಲಿಗೆ ಅಗುಳಿ ಹಾಕಿ, ನೆಂಟರೇ ಬರುತ್ತಿಲ್ಲವೆಂದು ಕಣ್ಣೊರೆಸಿಕೊಳ್ಳುವ ಈ ದುಃಖಕ್ಕೆ ಹೇಗೆ ಸಮಾಧಾನ ಹೇಳುವುದೋ ತಿಳಿಯದು. ‘ಶಿಶುವಿಹಾರ ಉಳಿಸಿ’ ಎಂದು ಆ ಕೋಣೆಗಳ ಹೊರಗೋಡೆಗೆ ಪೋಸ್ಟರ್ ಅಂಟಿಸಿದ ವಿದ್ಯಾರ್ಥಿಗಳಿಗೆ, ಚಿತ್ರಶಾಲೆಯನ್ನು ಹಾಳುಗೆಡವಿದ್ದಕ್ಕೆ, ಶಿಸ್ತಿನ ನೋಟಿಸು ಹೋಗಿದೆ. ಅದೇ ಗೋಡೆಯ ಒಳಮೈಯಲ್ಲಿ ‘ಶಿಶುವಿಹಾರ ಕೊಡಿ’ ಎಂಬ ಹಳೆಯ ಪೋಸ್ಟರ್ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿದೆ. ಗಾಜಿನ ಹಿಂದಿದ್ದರೆ ಪರಂಪರೆ, ಅಂಟು ಹಸಿಯಿದ್ದರೆ ಅಪರಾಧ. ನಮ್ಮ ಸಿಟ್ಟು ಒಣಗುವುದನ್ನೇ ಕಾಯುತ್ತಿರುತ್ತೀರಾ, ಒಣಗಿದ ಕೂಡಲೇ ಮೊಳೆ ಹೊಡೆಯಲು?

ಹೋದ ವಾರ ತಮ್ಮ ಕಚೇರಿಯಿಂದ ಫೋನು ಬಂತು. ನಯವಾದ ಹೆಣ್ಣುದನಿ.

“ಆ ಪಾಪು ನೀವೇ ಅಲ್ವಾ? ಅಯ್ಯೋ, ಎಷ್ಟು ಮುದ್ದು! ಉದ್ಘಾಟನೆಗೆ ಖಂಡಿತ ಬನ್ನಿ. ನಿಮಗೂ ಪಾಪು ಇದೆಯಂತೆ? ಕರ್ಕೊಂಡು ಬನ್ನಿ, ಅಧ್ಯಕ್ಷರ ಕೋಣೆಯ ಅದೇ ಮೇಜಿನ ಮೇಲೆ ಮಲಗಿಸಿ ಇನ್ನೊಂದು ಫೋಟೋ ತೆಗೆಸೋಣ.”

“ಆಗ್ಲಿ. ಮಾರನೇ ದಿನ ಎಲ್ಲಿ ಮಲಗಿಸ್ಲಿ?”

“ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ.”

ಮಾನ್ಯರೇ, ನನಗೆ ಬೇಕಾದದ್ದು ಇಷ್ಟು. ಆ ಕೋಣೆಗಳ ಬಾಗಿಲು ಮಕ್ಕಳಿಗಾಗಿ ತೆರೆದಿರಲಿ, ಕಾದು ನಿಂತ ತಾಯಂದಿರ ಮಕ್ಕಳೂ ಒಳಗೆ ಬರಲಿ, ವಿದ್ಯಾರ್ಥಿಗಳಿಗೆ ಕೊಟ್ಟ ನೋಟಿಸು ವಾಪಸಾಗಲಿ. ಫೋಟೋಗಳನ್ನು ಪಡಸಾಲೆಯಲ್ಲಿ ತೂಗುಹಾಕಿ, ಬೇಡ ಅನ್ನುವುದಿಲ್ಲ; ಆದರೆ ಕೆಳಗೆ ಆ ಹೆಂಗಸರ ಹೆಸರು ಬರೆಯಿಸಿ. ನೆನಪಿರುವವಳು ಒಬ್ಬಳು ನಮ್ಮ ಮನೆಯಲ್ಲೇ ಇದ್ದಾಳೆ, ಕೇಳಿದರೆ ಹೇಳುತ್ತಾಳೆ.

ಉದ್ಘಾಟನೆಗೆ ನಾನು ಬರುವುದಿಲ್ಲ. ಸೋಮವಾರ ಶಿಶುವಿಹಾರಕ್ಕೆ ಬೀಗ ಬಿದ್ದಿದ್ದರೆ ಮಾತ್ರ, ತರಗತಿಗೆ ಮುಂಚೆ, ಮಗುವನ್ನೆತ್ತಿಕೊಂಡು ನೇರ ತಮ್ಮ ಕೋಣೆಗೆ ಬರುತ್ತೇನೆ. ಹೀಗೆಂದು ಅಮ್ಮನಿಗೆ ಹೇಳಿದಾಗ, ಬುದ್ಧಿ ಹೇಳುತ್ತಾಳೆ, ಅಮಾನತಿನ ಕಥೆ ನೆನಪಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

“ಮೇಜು ಅದೇನಾ?”

“ಅದೇ ಅಂತೆ.”

“ಹಾಗಾದ್ರೆ ಹೋಗು. ಡಯಾಪರ್ ಹಾಕ್ಬೇಡ.”

ಆದ್ದರಿಂದ ಸೋಮವಾರ ಬೆಳಿಗ್ಗೆ ಮುಖ್ಯವಾದ ಕಾಗದಪತ್ರಗಳನ್ನು ಮೇಜಿನಿಂದ ತೆಗೆದಿಡಬೇಕಾಗಿ ವಿನಂತಿ.

ಇಂತಿ,
ತಮ್ಮ ಗೋಡೆಯ ಮೇಲೆ ನೆಮ್ಮದಿಯಾಗಿ ನಿದ್ರಿಸುತ್ತಿರುವ,
ಮನೆಯಲ್ಲಿ ಕಣ್ಣು ಮುಚ್ಚಲಾಗದ,
ಅರಸೆಲಿ ಬಾರಗಾನ್
(ನಯೆಲಿಯ ತಾಯಿ, ಒತಿಲಿಯಾಳ ಮಗಳು)